ಮಲೆಯ ಗುಡಿಗಳಲ್ಲಿ ಸಾವಧಾನ



ಜಪಾನ್ ದೇಶದಲ್ಲಿ ಚಹಾ ಕುಡಿಯುವ ಪದ್ಧತಿಯನ್ನು ರೂಢಿಗೆ ತಂದವನೆಂದು ಎಣಿಸಲ್ಪಡುವವನು ವರ್ತಕನೂ ಅಲ್ಲ, ಅರಸನೂ ಅಲ್ಲ. ಏಯ್‌ಸಾಯ್ ಎಂಬ ಹೆಸರಿನ ಒಬ್ಬ ಬೌದ್ಧ ಭಿಕ್ಷು. ಈತನು ಚೀನಾದೇಶದಲ್ಲಿ ಧ್ಯಾನಮಾರ್ಗವನ್ನು ಅಭ್ಯಾಸಮಾಡಿ 1191ರಲ್ಲಿ ಸ್ವದೇಶಕ್ಕೆ ಹಿಂದಿರುಗುವಾಗ, ಧರ್ಮಗ್ರಂಥಗಳ ಜೊತೆಗೆ ಚಹಾ ಗಿಡದ ಬೀಜಗಳನ್ನೂ ತಂದನೆಂದೂ, ಅವುಗಳಲ್ಲಿ ಕೆಲವನ್ನು ಮ್ಯೋಯೆ ಎಂಬ ಮತ್ತೊಬ್ಬ ಭಿಕ್ಷುವಿಗೆ ಕೊಡಲು, ಆತನು ಕ್ಯೋತೋ ನಗರದ ಸಮೀಪದ ಬೆಟ್ಟದಲ್ಲಿರುವ ಕೋಜಾನ್-ಜಿ ಎಂಬ ದೇವಾಲಯದ ಆವರಣದಲ್ಲಿ ಬಿತ್ತಿ ಬೆಳೆಸಿದನೆಂದೂ ಅಲ್ಲಿಯವರು ಹೇಳುತ್ತಾರೆ. ಇದನ್ನು ಓದಿದಾಗ ನಮ್ಮ ಚಿಕ್ಕಮಗಳೂರು ಸೀಮೆಯವರಿಗೆ ಬಾಬಾ ಬುಡನ್ನರ ನೆನಪಾಗದೆ ಇರದು. ಹದಿನೇಳನೆಯ ಶತಮಾನದಲ್ಲಿ ಮೆಕ್ಕಾ ಯಾತ್ರೆಯನ್ನು ಪೂರೈಸಿ ಮರಳುತ್ತಿದ್ದ ಆ ಫಕೀರರು ಯೆಮೆನ್ ದೇಶದಿಂದ ಏಳು ಕಾಫಿ ಬೀಜಗಳನ್ನು ಬಚ್ಚಿಟ್ಟುಕೊಂಡು ತಂದು ಚಂದ್ರದ್ರೋಣ ಪರ್ವತದ ತಪ್ಪಲಲ್ಲಿ ಊರಿದರೆಂಬ ಐತಿಹ್ಯವನ್ನು ಇಲ್ಲಿನ ಮಕ್ಕಳೂ ಬಲ್ಲರು. ಅವರ ಹೆಸರಿನ ಗಿರಿಯ ಗುಹೆಗೆ ಹಿಂದೂಗಳು ದತ್ತಾತ್ರೇಯನ ಪೀಠವೆಂದೂ ಮುಸಲ್ಮಾನರು ದರ್ಗಾ ಎಂದೂ ನಡೆದುಕೊಂಡು ಬಂದಿದ್ದಾರೆ. ಅಲ್ಲಿ ಚಹಾ, ಇಲ್ಲಿ ಕಾಫಿ; ಎರಡನ್ನೂ ಬೆಟ್ಟಕ್ಕೆ ಹೊತ್ತು ತಂದವರು ಲೋಕವನ್ನು ಬಿಟ್ಟ ಸಾಧುಗಳೇ.

ಆದರೆ ಸಾಮ್ಯವು ಇಲ್ಲಿಗೇ ನಿಂತುಹೋಗುತ್ತದೆಯೋ ಎಂದು ನನಗೆ ಒಮ್ಮೊಮ್ಮೆ ಸಂದೇಹವುಂಟಾಗುತ್ತದೆ. ಜಪಾನಿನ ಹಳೆಯ ದೇವಾಲಯಗಳ ವಿಷಯವಾಗಿ ಬರೆದವರೆಲ್ಲರೂ ಒಂದು ಮಾತನ್ನು ತಪ್ಪದೆ ಬರೆಯುತ್ತಾರೆ: ಅಲ್ಲಿಗೆ ಬಂದವರು ಜಗಲಿಯ ಮೇಲೆ ಮೌನವಾಗಿ ಕುಳಿತು, ಎದುರಿಗಿರುವ ಮರಳು ಹಾಸಿದ ಅಂಗಳವನ್ನೋ, ನಾಲ್ಕು ಬಂಡೆಗಳನ್ನೋ, ಒಂದು ಹಳೆಯ ಮರವನ್ನೋ ಬಹಳ ಹೊತ್ತು ನೋಡುತ್ತಾರಂತೆ. ನಮ್ಮಲ್ಲಿ ದೇವದರ್ಶನವೆಂದರೆ ಬಾಗಿಲ ಬಳಿ ಚಪ್ಪಲಿ ಬಿಡುವುದು, ಗಂಟೆ ಬಾರಿಸುವುದು, ಮಂಗಳಾರತಿ ತೆಗೆದುಕೊಳ್ಳುವುದು, ತೀರ್ಥವನ್ನು ತಲೆಗೆ ಸವರಿಕೊಂಡು ಬಸ್ಸಿನ ಕಡೆಗೆ ಓಡುವುದು. ಪ್ರದಕ್ಷಿಣೆ ಮುಗಿಸಿದ ಮೇಲೆ ಗುಡಿಯಲ್ಲಿ ಸ್ವಲ್ಪ ಹೊತ್ತು ಕೂತೇ ಏಳಬೇಕೆಂದು ನಮ್ಮ ಅಜ್ಜಿಯಂದಿರು ವಿಧಿಸಿದ್ದರು. ಆ ವಿಧಿ ಈಗ ನೆಲವನ್ನು ಮುಟ್ಟಿ ಏಳುವಷ್ಟಕ್ಕೆ ಇಳಿದಿದೆ. ಬೇಲೂರು ಹಳೇಬೀಡುಗಳಲ್ಲಿ ಅವಸರದವನಿಗೂ ಏನೋ ಒಂದು ದಕ್ಕೀತು. ಅಲ್ಲಿನ ಶಿಲ್ಪವು ತಾನಾಗಿಯೇ ಮೈಮೇಲೆ ಬೀಳುವಂಥದು. ಮೂಡಿಗೆರೆ ಕಳಸಗಳ ಮಲೆಯ ಗುಡಿಗಳಾದರೋ ಹಾಗಲ್ಲ. ಅವು ಕುಳ್ಳು, ಅವುಗಳಲ್ಲಿ ಆಡಂಬರವಿಲ್ಲ, ಮಳೆಗೆ ಪಾಚಿಗಟ್ಟಿ, ತೋಟದ ಮರಗಳ ನೆರಳಿನಲ್ಲಿ ಅಡಗಿ, ಕೂತವನಿಗೆ ಮಾತ್ರ ಬಾಯಿಬಿಡುವ ಸ್ವಭಾವದವು. ಅಂಥ ಎರಡು ಸ್ಥಳಗಳಿಗೆ ಸಾವಧಾನವಾಗಿ ಹೋಗಿಬಂದ ವೃತ್ತಾಂತವನ್ನು ಈ ಹೊತ್ತು ತಮ್ಮೆದುರಿಗೆ ಅರಿಕೆ ಮಾಡಿಕೊಳ್ಳುತ್ತೇನೆ.

ಮೊದಲನೆಯದು ಅಂಗಡಿ. ಹಿಂದೆ ಕಡೂರು ಜಿಲ್ಲೆಯೆಂದು ಕರೆಯಲ್ಪಡುತ್ತಿದ್ದ ಇಂದಿನ ಚಿಕ್ಕಮಗಳೂರು ಜಿಲ್ಲೆಯಲ್ಲಿ, ಮೂಡಿಗೆರೆ ತಾಲ್ಲೂಕಿನ ಗೋಣಿಬೀಡು ಸೀಮೆಗೆ ಸೇರಿದ ಸಣ್ಣ ಹಳ್ಳಿ. ನಮ್ಮ ಭಾವನವರಿಗೆ ಆ ಕಡೆಯಲ್ಲಿ ಚಿಕ್ಕದೊಂದು ಕಾಫಿ ತೋಟವಿದೆ. ಪುಷ್ಯಮಾಸದ ಚಳಿಯಲ್ಲಿ, ಹಣ್ಣು ಕೊಯ್ಲು ಭರದಿಂದ ನಡೆಯುತ್ತಿದ್ದ ಕಾಲದಲ್ಲಿ, ನಾನು ಅವರ ಮನೆಯಲ್ಲಿ ತಂಗಿದ್ದೆನು. ಬೆಳಗ್ಗೆ ಅಕ್ಕಿರೊಟ್ಟಿಯನ್ನು ಬೆಣ್ಣೆಯೊಡನೆ ಮುಗಿಸಿ ಹೊರಡುವಾಗಲೂ ಮಂಜು ಹರಿದಿರಲಿಲ್ಲ. ಹಾಲವಾಣದ ಮರಗಳಿಗೆ ಹಬ್ಬಿದ ಮೆಣಸಿನ ಬಳ್ಳಿಗಳಿಂದ ಇಬ್ಬನಿ ತೊಟ್ಟಿಕ್ಕುತ್ತಿತ್ತು. ಸೊಂಟಕ್ಕೆ ಗೋಣಿತಾಟು ಸುತ್ತಿಕೊಂಡ ಹೆಣ್ಣಾಳುಗಳು ಗಿಡದ ರೆಕ್ಕೆಗಳನ್ನು ಬಗ್ಗಿಸಿ ಕೆಂಪು ಹಣ್ಣನ್ನು ಮಾತ್ರ ಆರಿಸಿ ಕುಕ್ಕೆಗೆ ತುಂಬುತ್ತಿದ್ದರು. ಮನೆಯ ಮುಂದಿನ ಕಣದಲ್ಲಿ ಹಿಂದಿನ ದಿನದ ಕಾಫಿಯನ್ನು ಹರಡುವ ಸದ್ದು ಕೇಳುತ್ತಿತ್ತು. "ದೇವಸ್ಥಾನ ನೋಡೋದು ಅಂದ್ರೆ ಎಷ್ಟು ಹೊತ್ತಿನ ಕೆಲಸ? ಹತ್ತು ಗಂಟೆಗೆ ವಾಪಸು ಬರ್ತೀರಲ್ಲ?" ಎಂದು ಅಕ್ಕ ಕೇಳಿದಳು. ಭಾವನವರು ನಕ್ಕು, "ನಿನ್ನ ತಮ್ಮನ ಕೈಲಿ ಶಾಸನದ ಪುಸ್ತಕ ಇದೆ, ಮಧ್ಯಾಹ್ನದ ಊಟಕ್ಕೆ ಬಂದ್ರೆ ನಮ್ಮ ಪುಣ್ಯ" ಎಂದರು.

ಆ ಪುಸ್ತಕವು ಬಿ. ಎಲ್. ರೈಸ್ ಸಾಹೇಬರು 1901ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಆರನೆಯ ಸಂಪುಟ. ಮಲೆನಾಡಿನ ಈ ಮೂಲೆಮೂಲೆಗಳಿಗೆ, ಈಗಿನಂತೆ ರಸ್ತೆಗಳಿಲ್ಲದ ಕಾಲದಲ್ಲಿ, ಜಿಗಣೆ ಕಚ್ಚಿಸಿಕೊಂಡು ಜ್ವರ ಬರಿಸಿಕೊಂಡು ತಿರುಗಿ, ಕಲ್ಲುಕಲ್ಲಿನ ಅಕ್ಷರವನ್ನೂ ಬರೆದುಕೊಂಡ ಆ ಪುಣ್ಯಾತ್ಮರ ಮತ್ತು ಅವರ ಕೈಕೆಳಗಿನ ಪಂಡಿತರ ಋಣವನ್ನು ಕನ್ನಡಿಗರು ಇನ್ನೂ ತೀರಿಸಿಲ್ಲ. ಹೊಯ್ಸಳರ ಮೂಲಸ್ಥಾನವೆಂದು ಶಾಸನಗಳು ಹೇಳುವ ಸೊಸೆವೂರು, ಸಂಸ್ಕೃತದಲ್ಲಿ ಶಶಕಪುರ, ಈ ಅಂಗಡಿಯೇ ಎಂದು ಗುರುತಿಸಿದವರೂ ರೈಸರೇ. ಇಲ್ಲಿನ ವಾಸಂತಿಕಾದೇವಿಯ ಸನ್ನಿಧಿಯಲ್ಲಿ ಜೈನಮುನಿಯೊಬ್ಬನು ಶಿಷ್ಯನಾದ ಸಳನಿಗೆ ಉಪದೇಶ ಮಾಡುತ್ತಿರಲು, ಕಾಡಿನಿಂದ ಹುಲಿಯೊಂದು ಮೇಲೆ ಬಂದಿತೆಂದೂ, ಮುನಿಯು "ಪೊಯ್ ಸಳ" ಎಂದು ಅಪ್ಪಣೆಯಿತ್ತನೆಂದೂ, ಸಳನು ಅದನ್ನು ಹೊಡೆದು ಕೊಂದನೆಂದೂ ಇರುವ ಕಥೆಯನ್ನು ತಾವೆಲ್ಲರೂ ಶಾಲೆಯಲ್ಲಿ ಓದಿದ್ದೀರಿ. ಬೇಲೂರಿನ ಬಾಗಿಲಲ್ಲಿ ಆ ಹುಲಿಯನ್ನೂ ಆ ವೀರನನ್ನೂ ಕಂಡೂ ಇದ್ದೀರಿ. ಕಥೆ ಕಥೆಯೇ ಆಗಿರಲಿ. ಚರಿತ್ರೆಯ ಮಟ್ಟಿಗೆ ನಿಶ್ಚಿತವಾದದ್ದು ಇಷ್ಟು: ಹನ್ನೊಂದನೆಯ ಶತಮಾನದ ಪೂರ್ವಾರ್ಧದಲ್ಲಿ ನೃಪಕಾಮನೂ, ಅವನ ತರುವಾಯ ವಿನಯಾದಿತ್ಯನೂ ಮಲೆಯ ಪಾಳೆಯಗಾರರನ್ನು ಅಡಗಿಸಿ ಮಲೆಪರೊಳ್ಗಂಡರೆಂಬ ಬಿರುದನ್ನು ಹೊತ್ತುಕೊಂಡು ಕ್ರಮೇಣ ಬಯಲುಸೀಮೆಗೆ ಇಳಿದರು, ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಚೆನ್ನಕೇಶವನನ್ನು ಪ್ರತಿಷ್ಠೆ ಮಾಡುವ ಹೊತ್ತಿಗೆ ಮಲೆಯ ಈ ತವರೂರು ಹಿಂದೆ ಬಿದ್ದಿತ್ತು.

ಹಿಂದೆ ಬಿದ್ದುದೇ ಇದರ ಭಾಗ್ಯವೆಂದು ನನ್ನ ಅಭಿಪ್ರಾಯ. ಐಶ್ವರ್ಯವು ಬಂದ ಮೇಲೆ ಕಟ್ಟಿಸಿದ ದೇಗುಲಗಳು ಎಲ್ಲಿಯೂ ಸಿಕ್ಕುತ್ತವೆ; ಒಂದು ವಂಶವು ಇನ್ನೂ ಬಡತನದಲ್ಲಿದ್ದಾಗ, ತಾನು ಮುಂದೆ ಏನಾಗುವೆನೆಂಬುದು ತನಗೇ ತಿಳಿಯದಿದ್ದಾಗ, ಕೈಲಾದಷ್ಟರಲ್ಲಿ ಕಟ್ಟಿಸಿದ ಗುಡಿಗಳು ದುರ್ಲಭ. ಅಂಗಡಿಯ ಬಸದಿಗಳು ಅಂಥವು. ಬೇಲೂರನ್ನು ಕಣ್ಣಲ್ಲಿ ತುಂಬಿಕೊಂಡು ಇಲ್ಲಿಗೆ ಬಂದವನು ನಿರಾಶನಾಗುತ್ತಾನೆ. ಮದನಿಕೆಯರಿಲ್ಲ, ಆನೆಗಳ ಸಾಲಿಲ್ಲ, ನಕ್ಷತ್ರಾಕಾರದ ಜಗತಿಯಿಲ್ಲ. ಒಳಗೆ ಕಣ್ಣು ಕತ್ತಲೆಗೆ ಹೊಂದುವವರೆಗೆ ಏನೂ ಕಾಣುವುದಿಲ್ಲ. ಆಮೇಲೆ ಒಂದೊಂದಾಗಿ ತೋರಿಬರುತ್ತವೆ: ಮೊದಲು ಜಿನಬಿಂಬದ ಮೊಣಕಾಲಿನ ಹೊಳಪು, ಬಳಿಕ ಎದೆಯ ಸಮತಲ, ತಲೆಯ ಮೇಲಿನ ಮುಕ್ಕೊಡೆ. ನಾನು ನೋಡಿದ ದಿವಸ ಆ ಮುಕ್ಕೊಡೆಯ ಕೆಳಗಿನ ಅಂಚಿನಿಂದ ಭುಜದವರೆಗೆ ಜೇಡವೊಂದು ಬಲೆಯನ್ನು ನೇಯ್ದಿತ್ತು. ಮುಖದಲ್ಲಿನ ಮಂದಹಾಸಕ್ಕೆ ಅದರಿಂದ ಏನೂ ಬಾಧಕವಾಗಿರಲಿಲ್ಲ. ಮುಖವನ್ನು ಕೆತ್ತಿದವನು ಕಣ್ಣನ್ನು ಪೂರ್ತಿ ತೆರೆಯದೆ, ಪೂರ್ತಿ ಮುಚ್ಚದೆ, ರೆಪ್ಪೆಯ ಕೆಳಗೆ ಒಂದೇ ಒಂದು ಗೆರೆಯನ್ನು ಎಳೆದು ಬಿಟ್ಟಿದ್ದಾನೆ. ಅವನ ಉಳಿಯು ಅಲ್ಲಿ ಇನ್ನೊಂದು ಸಲ ಆಡಿದ್ದರೆ ಕೆಟ್ಟುಹೋಗುತ್ತಿತ್ತು.

ಇಂಥ ಕೆಲಸದವರಲ್ಲಿ ಒಬ್ಬನ ಹೆಸರು ನಮಗೆ ಉಳಿದಿದೆ. ಇಲ್ಲಿನ ಶಾಸನವೊಂದರಲ್ಲಿ ಬರುವ ಅವನ ಹೆಸರು ಮಾಣಿಕ ಪೊಯ್ಸಳಾಚಾರಿ. ಆಚಾರಿಯೆಂದರೆ ಕಲ್ಲುಕುಟಿಗ, ಪೊಯ್ಸಳ ಎಂಬುದು ಒಡೆಯನ ವಂಶದ ಹೆಸರು. ಅರಸನ ಹೆಸರನ್ನು ಒಬ್ಬ ಶಿಲ್ಪಿಯು ತನ್ನ ಹೆಸರಿಗೆ ಸೇರಿಸಿಕೊಳ್ಳುವಷ್ಟು, ಅರಸನು ಅದಕ್ಕೆ ಒಪ್ಪಿರುವಷ್ಟು ಸಲುಗೆ ಅಂದಿನ ಸೊಸೆವೂರಿನಲ್ಲಿ ಇದ್ದಿತು. ಮುಂದೆ ಬೇಲೂರು ಸೋಮನಾಥಪುರಗಳಲ್ಲಿ ದಾಸೋಜ, ಮಲ್ಲಿತಮ್ಮ ಮೊದಲಾದ ರೂವಾರಿಗಳು ವಿಗ್ರಹದ ಪೀಠದಲ್ಲಿ ತಮ್ಮ ಹೆಸರನ್ನು ಧೈರ್ಯವಾಗಿ ಕಡೆದುಕೊಂಡರಲ್ಲವೆ? ಆ ಧೈರ್ಯದ ಮೂಲವನ್ನು ಈ ಮಲೆಯ ಬಸದಿಯಲ್ಲಿಯೇ ಹುಡುಕಬೇಕೆಂದು ನನಗೆ ತೋರುತ್ತದೆ.

ಶಾಸನವನ್ನು ಓದುವುದಕ್ಕೂ ಹೊತ್ತು ಗೊತ್ತು ಉಂಟು. ನಡುಹಗಲಲ್ಲಿ ಬೆಳಕು ನೇರವಾಗಿ ಬಿದ್ದಾಗ ಸವೆದ ಕಲ್ಲಿನ ಮೇಲೆ ಅಕ್ಷರಗಳಿವೆಯೆಂಬುದೇ ತಿಳಿಯುವುದಿಲ್ಲ. ಬೆಳಗಿನ ಬಿಸಿಲು ಓರೆಯಾಗಿ ತಾಗಿದರೆ ಪ್ರತಿಯೊಂದು ಗೀರಿನ ಒಂದು ಮಗ್ಗುಲಿಗೆ ನೆರಳು ಹಿಡಿದು, ಸಾಲಿಗೆ ಸಾಲೇ ಮೇಲೆದ್ದು ಬರುತ್ತದೆ. ಪ್ರಾಚ್ಯವಸ್ತು ಇಲಾಖೆಯವರು ಇದಕ್ಕೆ ಕಾಯದೆ, ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ತಟ್ಟಿ ತಟ್ಟಿ ಗೀರುಗಳ ಒಳಕ್ಕೆ ಇಳಿಸಿ, ಮಸಿಯನ್ನು ಒತ್ತಿ ಪಡಿಯಚ್ಚು ತೆಗೆಯುತ್ತಾರೆ. ಕಪ್ಪು ಕಾಗದದ ಮೇಲೆ ಅಕ್ಷರಗಳು ಬೆಳ್ಳಗೆ ನಿಲ್ಲುತ್ತವೆ. ನಮ್ಮಂಥ ಹವ್ಯಾಸಿಗಳಿಗೆ ಅದೆಲ್ಲ ಇಲ್ಲ. ನಮಗೆ ಸೂರ್ಯನೇ ಗತಿ. ಮಂಜು ಹರಿಯಲೆಂದು ನಾವು ಕಲ್ಲಿನ ಬಳಿ ಕುಳಿತಿದ್ದಾಗ, ಹಸು ಹೊಡೆದುಕೊಂಡು ಹೋಗುತ್ತಿದ್ದ ಮುದುಕರೊಬ್ಬರು ನಿಂತು ನಮ್ಮನ್ನು ಮೇಲಿಂದ ಕೆಳಕ್ಕೆ ನೋಡಿ, "ನಿಧಿ ಗಿಧಿ ಹುಡುಕ್ತಿದೀರೇನು ಸ್ವಾಮಿ?" ಎಂದು ಕೇಳಿದರು. ಅಕ್ಷರ ಓದುತ್ತಿದ್ದೇವೆಂದು ಭಾವನವರು ಹೇಳಿದರು. "ಏನು ಬರ್ದೈತೆ?" ಎಂಬುದು ಮುಂದಿನ ಪ್ರಶ್ನೆ. ದೇವರಿಗೆ ಗದ್ದೆ ಬಿಟ್ಟಿದ್ದಾರೆ ಎಂದು ನಾನು ಸಂಕ್ಷೇಪವಾಗಿ ತಿಳಿಸಿದೆ. ಮುದುಕರು ಸ್ವಲ್ಪ ಯೋಚಿಸಿ, "ಬಿಟ್ಟೋರು ಬಿಟ್ರು. ಈಗ ಉಳ್ತಾ ಇರೋರು ಯಾರು ಅಂತ ಬರ್ದಿಲ್ವಲ್ಲ" ಎಂದು ಹೇಳಿ ಹಸುವಿನ ಹಿಂದೆ ಹೊರಟುಹೋದರು. ದತ್ತಿಶಾಸನಗಳ ವಿಷಯವಾಗಿ ಇಷ್ಟು ಖಂಡಿತವಾದ ವಿಮರ್ಶೆಯನ್ನು ನಾನು ಪಂಡಿತರಿಂದಲೂ ಕೇಳಿಲ್ಲ.

ಬಸದಿಗಳಿಂದ ಬೇರೆಯಾಗಿ ಗುಡ್ಡದ ಮೇಲೆ ಹೊಯ್ಸಳರ ಕಾಲದ ಕೇಶವನ ಗುಡಿಯೂ ಶಿವಾಲಯಗಳೂ ನಾವು ಹೋದಾಗ ಶಿಥಿಲವಾಗಿ ನಿಂತಿದ್ದವು. ಕೆಳಗೆ ವಸಂತಮ್ಮನ ದೇವಸ್ಥಾನವಿದೆ. ಜೈನಮುನಿಯ ಕಥೆಯಲ್ಲಿ ಬರುವ ಆ ದೇವಿ ಇಂದಿಗೂ ಹಳ್ಳಿಯವರ ಅಮ್ಮನಾಗಿ ಹರಕೆ ಪಡೆಯುತ್ತಿದ್ದಾಳೆ. ಜಿನ, ಕೇಶವ, ಶಿವ, ಅಮ್ಮ ಇವರೆಲ್ಲರ ಗುಡಿಗಳೂ ಕೂಗಳತೆಯೊಳಗೇ ಇವೆ. ಒಂದೇ ಮನೆಗೆ ಬಂದ ವಾರಗಿತ್ತಿಯರ ಹಾಗೆ ಈ ಮತಗಳು ಇಲ್ಲಿ ಬಾಳಿವೆ. ಜಗಳವೇ ಆಗಲಿಲ್ಲವೆಂದು ನಾನು ಹೇಳಲಾರೆ, ಒಲೆಯನ್ನಂತೂ ಬೇರೆ ಹಾಕಲಿಲ್ಲ. ಊಟಕ್ಕೆ ನಾವು ಮನೆ ಸೇರಿದಾಗ ಮೂರು ಗಂಟೆ ಕಳೆದಿತ್ತೆಂಬುದನ್ನೂ, ಅಕ್ಕ ಮಾತಾಡಲಿಲ್ಲವೆಂಬುದನ್ನೂ ಸೇರಿಸಿ ಅಂಗಡಿಯ ಪ್ರಕರಣವನ್ನು ಮುಗಿಸುತ್ತೇನೆ.

ಎರಡನೆಯ ಸ್ಥಳ ಕಳಸ. ಮೂಡಿಗೆರೆಯಿಂದ ಅಲ್ಲಿಗೆ ಹೋಗುವ ದಾರಿ ಕೊಟ್ಟಿಗೆಹಾರದಲ್ಲಿ ಚಾರ್ಮಾಡಿ ಘಾಟಿಯ ರಸ್ತೆಯನ್ನು ಬಿಟ್ಟು ಬಲಕ್ಕೆ ತಿರುಗಿ, ಜಾವಳಿಯ ಮೇಲೆ ಹಾದು, ಕೆಳಗೂರಿನ ತೋಟಗಳನ್ನು ಬಳಸಿಕೊಂಡು ಇಳಿಯುತ್ತದೆ. ಈ ದಾರಿಯ ಆಸುಪಾಸಿನ ಬೆಟ್ಟಗಳಲ್ಲಿ ಬಿದ್ದ ಮಳೆಯು ಎತ್ತೆತ್ತ ಹೋಗುತ್ತದೆಂಬುದನ್ನು ಯೋಚಿಸುತ್ತ ಹೋದರೆ ಪ್ರಯಾಣದ ಆಯಾಸ ತಿಳಿಯುವುದಿಲ್ಲ. ಜಾವಳಿಯ ಬಳಿ ಹುಟ್ಟುವ ಹೇಮಾವತಿಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತಾಳೆ. ಸಂಸೆಯ ಆಚೆಯ ಗಂಗಾಮೂಲದಲ್ಲಿ ಹುಟ್ಟುವ ಮೂವರಲ್ಲಿ ಭದ್ರೆಯು ಕಳಸವನ್ನು ಬಳಸಿ ಉತ್ತರಕ್ಕೆ ಹೋಗಿ ಕೂಡಲಿಯಲ್ಲಿ ತುಂಗೆಯನ್ನು ಕೂಡುತ್ತಾಳೆ. ನೇತ್ರಾವತಿಯೊಬ್ಬಳು ಮಾತ್ರ ಇವರ ಸಹವಾಸವೇ ಬೇಡವೆಂದು ಪಡುವಲಿಗೆ ಧುಮುಕಿ ಮಂಗಳೂರಿನ ಕಡಲಿಗೆ ಬೀಳುತ್ತಾಳೆ. ಒಂದೇ ಮೋಡದ ನೀರು ಕನ್ನಡನಾಡಿನ ಮೂರು ದಿಕ್ಕನ್ನು ಸಾಕುತ್ತದೆ.

ಕಳಸದಲ್ಲಿ ಕಲಶೇಶ್ವರನ ಗುಡಿಯು ದಿಬ್ಬದ ಮೇಲಿದೆ. ಕಲ್ಲಿನ ಮೆಟ್ಟಿಲುಗಳನ್ನು ಹತ್ತಿ ಹೋಗಬೇಕು. ಶಾಸನಗಳು ಈತನನ್ನು ಕಳಸನಾಥನೆನ್ನುತ್ತವೆ. ಪಾರ್ವತೀಪರಿಣಯವನ್ನು ನೋಡಲೆಂದು ಮೂರು ಲೋಕವೂ ಹಿಮಾಲಯದಲ್ಲಿ ಕೂಡಲು, ಭೂಮಿಯು ಉತ್ತರಕ್ಕೆ ವಾಲಿತಂತೆ. ಅದನ್ನು ಸರಿತೂಗಿಸಲು ಶಿವನು ಅಗಸ್ತ್ಯನೊಬ್ಬನನ್ನು ದಕ್ಷಿಣಕ್ಕೆ ಕಳುಹಿಸಿದನಂತೆ. ಮದುವೆ ತಪ್ಪಿತಲ್ಲಾ ಎಂದು ಮರುಗಿದ ಕುಂಭಸಂಭವನಿಗೆ ಆ ವಿವಾಹದ ದರ್ಶನವನ್ನು ಇಲ್ಲಿಯೇ ಮಾಡಿಸಿಕೊಟ್ಟನಂತೆ. ಆದುದರಿಂದಲೇ ಈ ಕ್ಷೇತ್ರದಲ್ಲಿ ಗಿರಿಜಾಕಲ್ಯಾಣದ ಉತ್ಸವಕ್ಕೆ ಅಷ್ಟೊಂದು ಮಹತ್ವ. ಸುತ್ತಿನ ಗ್ರಾಮಗಳವರು ಸ್ವಂತ ಮನೆಯ ಹೆಣ್ಣಿನ ಮದುವೆಯೆಂಬಂತೆ ಓಡಾಡುತ್ತಾರೆ. ಪಂಕ್ತಿಯಲ್ಲಿ ತಪ್ಪಿಹೋದ ಒಬ್ಬ ಅತಿಥಿಗಾಗಿ ಮದುವೆಯನ್ನೇ ಮತ್ತೊಮ್ಮೆ ಮಾಡುವ ದೇವರು ನಮ್ಮ ಪುರಾಣಗಳಲ್ಲಿ ಬಹಳ ಮಂದಿ ಇಲ್ಲ.

ಗುಡಿಯ ಅಂಗಳದಲ್ಲಿ ಕುಳಿತು ನೋಡಬೇಕಾದ ವಸ್ತುವೆಂದರೆ ಮಾಡು. ಬಯಲುಸೀಮೆಯ ದೇಗುಲವು ಕಲ್ಲಿನ ಚಪ್ಪಡಿಯ ಸಮತಟ್ಟಾದ ಮಾಳಿಗೆಯ ಮೇಲೆ ಗೋಪುರವನ್ನು ಹೊತ್ತು ನಿಲ್ಲುತ್ತದೆ. ಆಷಾಢದ ಮಳೆ ದಿನಗಟ್ಟಲೆ ಬಿಡದೆ ಹೊಡೆಯುವ ಈ ಘಟ್ಟಸೀಮೆಯಲ್ಲಿ ಅಂಥ ಮಾಳಿಗೆ ಕಟ್ಟಿದವನ ಗರ್ಭಗುಡಿಯೊಳಕ್ಕೆ ನೀರು ಇಳಿಯದೆ ಬಿಡದು. ಆದುದರಿಂದ ಘಟ್ಟದ ಮೇಲೆಯೂ ಕೆಳಗೆಯೂ ದೇವರ ಮನೆಗಳಿಗೆ ಮನುಷ್ಯರ ಮನೆಯಂತೆಯೇ ಇಳಿಜಾರು ಮಾಡು, ಗೋಡೆಯನ್ನು ದಾಟಿ ಬಹುದೂರ ಚಾಚಿಕೊಂಡ ಸೂರು, ಆ ಸೂರನ್ನು ಹೊರಲು ಮರದ ತೊಲೆಗಳು ಬಂದಿವೆ. ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯಲ್ಲಿ ಈ ರೀತಿಯು ಮಾಡಿನ ಮೇಲೆ ಮಾಡಾಗಿ ಬೆಳೆದಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜೇಮ್ಸ್ ಫರ್ಗುಸನ್ ಎಂಬ ವಾಸ್ತುವಿದ್ವಾಂಸನು ದಕ್ಷಿಣ ಕನ್ನಡ ಜಿಲ್ಲೆಯ ಬಸದಿಗಳ ವಿಷಯವಾಗಿ ಬರೆಯುತ್ತ, ಇವು ದ್ರಾವಿಡ ಶೈಲಿಗಿಂತ ಹೆಚ್ಚಾಗಿ ನೇಪಾಳದ ಕಟ್ಟಡಗಳನ್ನು ಹೋಲುತ್ತವೆಯೆಂದು ಬೆರಗಾದನು. ಜಪಾನಿನ ನಾರಾ ಪ್ರಾಂತದ ಹೋರ್ಯೂ-ಜಿಯಲ್ಲಿ ಐದು ಅಂತಸ್ತಿನ ಮರದ ಗೋಪುರವು ಸಾವಿರದ ಇನ್ನೂರು ವರ್ಷಗಳಿಗೂ ಮಿಗಿಲಾಗಿ ನಿಂತಿದೆ. ಅದರ ಚಿತ್ರವನ್ನು ನೋಡಿದ ಮಲೆನಾಡಿಗನಿಗೆ ಆ ಚಾಚಿದ ಸೂರು ಅಪರಿಚಿತವೆನಿಸುವುದಿಲ್ಲ. ವಿದ್ವಾಂಸರು ಯಾರಿಂದ ಯಾರು ಕಲಿತರೆಂದು ಚರ್ಚಿಸುತ್ತಾರೆ. ನನಗೆ ತೋರುವುದಾದರೂ, ಮಳೆಯೂ ಮರವೂ ಸಮೃದ್ಧವಾಗಿರುವ ಕಡೆಯಲ್ಲಿ ಮಳೆಯೇ ಪ್ರಧಾನ ಶಿಲ್ಪಿ. ಎಲ್ಲರೂ ಅದರ ಶಿಷ್ಯರು.

ಕಳಸದ ಚರಿತ್ರೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಅಂಶವು ಬೇರೆ. ಈ ಸೀಮೆಯನ್ನು ಬಹುಕಾಲ ಆಳಿದವರು ಕಳಸ ಕಾರ್ಕಳಗಳ ಭೈರರಸರು, ಕುಲದಿಂದ ಜೈನರು. ಈ ವಂಶದ ವೀರಪಾಂಡ್ಯನೇ 1432ರಲ್ಲಿ ಕಾರ್ಕಳದ ಬಂಡೆಯ ಮೇಲೆ ಸುಮಾರು 42 ಅಡಿ ಎತ್ತರದ ಗೊಮ್ಮಟನನ್ನು ನಿಲ್ಲಿಸಿದವನು. ಇಮ್ಮಡಿ ಭೈರರಸನೇ 1586ರಲ್ಲಿ ಅಲ್ಲಿನ ಚತುರ್ಮುಖ ಬಸದಿಯನ್ನು ಕಟ್ಟಿಸಿದವನು. ಘಟ್ಟದ ಕೆಳಗೆ ಇಷ್ಟು ನಿಷ್ಠಾವಂತರಾದ ಜಿನಭಕ್ತರು ಘಟ್ಟದ ಮೇಲೆ ಶಿವನಾದ ಕಳಸನಾಥನಿಗೆ ಭೂಮಿಯನ್ನು ಬಿಟ್ಟು, ದೀಪಕ್ಕೂ ನೈವೇದ್ಯಕ್ಕೂ ಏರ್ಪಾಡು ಮಾಡಿ, ಕಲ್ಲಿನಲ್ಲಿ ಬರೆಯಿಸಿದ್ದಾರೆ. ಕಳಸವನ್ನು ರಾಣಿಯರೂ ಆಳಿದ್ದುಂಟು. ಜಾಕಲದೇವಿ, ಕಾಳಲದೇವಿ ಎಂಬ ಹೆಸರುಗಳು ಇಲ್ಲಿನ ಶಾಸನಗಳಲ್ಲಿ ಉಳಿದಿವೆ. ಇವರಾರೂ ತಮ್ಮ ಔದಾರ್ಯವನ್ನು ಒಂದು ವಿಶೇಷವೆಂದು ಕೊಚ್ಚಿಕೊಂಡಿಲ್ಲ. ಪ್ರಜೆಗಳ ದೇವರಿಗೆ ಅರಸರು ನಡೆದುಕೊಳ್ಳುವುದು ಲೋಕರೂಢಿ, ಅಷ್ಟೆ ಎಂಬ ಧಾಟಿ.

ಘಟ್ಟವಿಳಿದು ಮಂಗಳೂರಿಗೆ ಹೋದರೆ ಇದಕ್ಕಿಂತಲೂ ಹಳೆಯ ನಿದರ್ಶನವೊಂದು ದೊರೆಯುತ್ತದೆ. ಕದ್ರಿಯ ಮಂಜುನಾಥನ ದೇವಾಲಯದಲ್ಲಿ ಮೂರು ಮುಖ ಆರು ಕೈಗಳ ಲೋಕೇಶ್ವರನ ಕಂಚಿನ ಮೂರ್ತಿಯಿದೆ. ಅದರ ಪೀಠದ ಶಾಸನದಂತೆ, ಆಳುಪ ರಾಜನಾದ ಕುಂದವರ್ಮನು ಕಲಿಯುಗದ 4068ನೆಯ ವರ್ಷದಲ್ಲಿ, ಅಂದರೆ ಕ್ರಿ. ಶ. 968ರಲ್ಲಿ, ಕದಿರಿಕಾ ವಿಹಾರದಲ್ಲಿ ಅದನ್ನು ಪ್ರತಿಷ್ಠೆ ಮಾಡಿದನು. ವಿಹಾರವೆಂದರೆ ಬೌದ್ಧರ ಮಠ. ಲೋಕೇಶ್ವರನು ಅವರ ಬೋಧಿಸತ್ತ್ವ. ಪ್ರತಿಷ್ಠೆ ಮಾಡಿಸಿದ ದೊರೆಯಾದರೋ ಅದೇ ಶಾಸನದಲ್ಲಿ ತನ್ನನ್ನು ಚಂದ್ರಮೌಳಿಯ ಪಾದಕಮಲಗಳ ಭೃಂಗವೆಂದು ವರ್ಣಿಸಿಕೊಂಡಿದ್ದಾನೆ. ವಿಹಾರವು ಹೋಗಿ ಶಿವಾಲಯ ಬಂದರೂ ಲೋಕೇಶ್ವರನನ್ನು ಯಾರೂ ಹೊರಗೆ ಹಾಕಲಿಲ್ಲ. ಇಂದು ಕೈಮುಗಿಯುವವರಲ್ಲಿ ಅನೇಕರು ಅವನನ್ನು ಬ್ರಹ್ಮನೆಂದುಕೊಂಡಾರು, ಶಿವನೆಂದುಕೊಂಡಾರು. ಹಾಗೆಂದು ಎಣ್ಣೆ ದೀಪಕ್ಕೆ ಕೊರತೆಯಿಲ್ಲ.

ಜಪಾನಿನಲ್ಲಿಯೂ ಸಾವಿರ ವರ್ಷಕ್ಕೂ ಮಿಗಿಲಾಗಿ ಹೀಗೆಯೇ ಇದ್ದಿತು. ನಾರಾ ನಗರದ ತೋದಾಯ್-ಜಿಯಲ್ಲಿ ಮಹಾಬುದ್ಧನ ಬೃಹತ್ಪ್ರತಿಮೆಗೆ 752ರಲ್ಲಿ ನೇತ್ರೋನ್ಮೀಲನ ಮಾಡಿ ಕಣ್ಣು ಬರೆದವನು ಬೋಧಿಸೇನನೆಂಬ ಭಾರತೀಯ ಭಿಕ್ಷು. ಅಲ್ಲಿಯ ಹಳೆಯ ನಾಡದೇವತೆಗಳು ಬುದ್ಧನ ಪರಿವಾರವಾಗಿ, ಒಂದೇ ಆವರಣದಲ್ಲಿ ಗುಡಿಯೂ ವಿಹಾರವೂ ಬೆಳೆದವು. 1868ರಲ್ಲಿ ಹೊಸ ಸರ್ಕಾರವು ಆಜ್ಞೆಯನ್ನು ಹೊರಡಿಸಿ ದೇವತೆಗಳನ್ನೂ ಬುದ್ಧರನ್ನೂ ಬೇರ್ಪಡಿಸಿತು. ಆ ಗಲಭೆಯಲ್ಲಿ ಎಷ್ಟೋ ವಿಹಾರಗಳು ನಾಶವಾದವು, ಎಷ್ಟೋ ವಿಗ್ರಹಗಳು ಬೀದಿಪಾಲಾದವು. ಕಾಗದದ ಮೇಲಿನ ಅಪ್ಪಣೆಯಿಂದ ಒಲೆಯನ್ನು ಬೇರೆ ಹಾಕಿಸಿದರೆ ಏನಾಗುತ್ತದೆಂಬುದಕ್ಕೆ ಆ ದೇಶವೇ ಸಾಕ್ಷಿ.

ಮತ್ತೆ ಕಳಸಕ್ಕೆ ಬರುತ್ತೇನೆ. ಊರಿನ ಸುತ್ತ ಭದ್ರೆಯಲ್ಲಿ ಐದು ತೀರ್ಥಗಳನ್ನು ಹೇಳುತ್ತಾರೆ. ಅವುಗಳಲ್ಲಿ ಅಂಬಾತೀರ್ಥಕ್ಕೆ ಹೋಗದೆ ಹಿಂದಿರುಗಿದರೆ ಕಳಸಕ್ಕೆ ಹೋದಂತಾಗಲಿಲ್ಲ. ನದಿಯು ಅಲ್ಲಿ ಬಂಡೆಗಳ ನಡುವೆ ಇಕ್ಕಟ್ಟಾಗಿ, ನೀರು ಹಸಿರಾಗಿ, ಆಳವಾಗಿ ಸುತ್ತುತ್ತದೆ. ದಡದ ಹಾಸುಬಂಡೆಯ ಮೇಲೆ ಚೌಕಾಕಾರದ ಭಾರಿ ಗುಂಡೊಂದು ಯಾರೋ ತಂದು ಇಟ್ಟಂತೆ ಕುಳಿತಿದೆ. ಯಾರು ಇಟ್ಟರೆಂಬುದನ್ನು ಕಲ್ಲೇ ಹೇಳುತ್ತದೆ: ಶ್ರೀಮಧ್ವಾಚಾರ್ಯರು ಒಂದೇ ಕೈಯಿಂದ ತಂದು ಸ್ಥಾಪಿಸಿದ ಶಿಲೆಯಿದು ಎಂದು ಅದರ ಮೇಲೆ ಸಂಸ್ಕೃತದ ಒಂದು ವಾಕ್ಯವನ್ನು ಕಡೆದಿದ್ದಾರೆ. ಆಚಾರ್ಯರು ಹದಿಮೂರನೆಯ ಶತಮಾನದವರು. ದೇಹಬಲದಲ್ಲಿಯೂ ಅಸಾಧಾರಣರೆಂದು ಅವರ ಚರಿತ್ರಕಾರರು ವರ್ಣಿಸುತ್ತಾರೆ. ಜನರು ಹೊಳೆಯನ್ನು ದಾಟಲು ಅನುಕೂಲವಾಗಲೆಂದು ಸಾವಿರ ಮಂದಿ ಕೂಡಿಯೂ ಅಲುಗಿಸಲಾರದ ಬಂಡೆಯನ್ನು ಅವರು ಎತ್ತಿದರೆಂಬುದು ಕಥೆ. ನಾವು ಹೋದಾಗ ಅಲ್ಲಿ ಕುಳಿತಿದ್ದ ಸ್ಥಳೀಯರೊಬ್ಬರಿಗೆ ಭಾವನವರು, ಇದು ಹೇಗೆ ಸಾಧ್ಯ ಎಂಬ ಅರ್ಥದಲ್ಲಿ ಏನೋ ಕೇಳಿದರು. "ಎಂತ ಮಾರಾಯ್ರೆ, ಆಗಲಿಲ್ಲ ಅಂತ ಹೇಳುದಾದ್ರೆ ನೀವೊಂದ್ಸಲ ಎರಡು ಕೈಯಲ್ಲಿ ಎತ್ತಿ ನೋಡಿ" ಎಂಬ ಉತ್ತರ ಬಂದಿತು. ತರ್ಕವು ಅಲ್ಲಿಗೆ ಮುಗಿಯಿತು. ನಾನು ಆ ಗುಂಡಿನ ಬುಡದ ಸಂದಿನೊಳಗೆ ಬೆರಳನ್ನು ಹಾಕಿ ನೋಡಿದೆ. ತಣ್ಣನೆಯ ಪಾಚಿ, ಸ್ವಲ್ಪ ಮರಳು. ಕಳೆದ ಮಳೆಗಾಲದಲ್ಲಿ ಹೊಳೆಯು ಅಷ್ಟು ಎತ್ತರಕ್ಕೆ ಬಂದಿತ್ತೆಂಬುದಕ್ಕೆ ಆ ಮರಳು ಗುರುತು.

ಕಳಸದಿಂದ ಕೆಲವೇ ಮೈಲಿಗಳಾಚೆ ಹೊರನಾಡಿನ ಅನ್ನಪೂರ್ಣೇಶ್ವರಿ. ಆ ಕ್ಷೇತ್ರದ ವಿಷಯವನ್ನು ಹೊಸದಾಗಿ ಹೇಳಬೇಕಾದುದಿಲ್ಲ. ಬಂದವರಾರೂ ಉಣ್ಣದೆ ಹೋಗಕೂಡದೆಂಬ ಅಲ್ಲಿನ ನೇಮವನ್ನು ಉಂಡವರೆಲ್ಲರೂ ಬಲ್ಲರು. ಯಾತ್ರಿಕರಲ್ಲಿ ಬಹುಮಂದಿ ಬೇಲೂರಿನಿಂದ ನೇರವಾಗಿ ಅಲ್ಲಿಗೆ ಧಾವಿಸುತ್ತಾರೆ. ಧಾವಿಸಲಿ, ಆದರೆ ನಡುವೆ ಅಂಗಡಿಗೆ ಅರ್ಧ ಹಗಲನ್ನೂ ಕಳಸಕ್ಕೆ ಒಂದು ರಾತ್ರಿಯನ್ನೂ ಕೊಡಲಾರದಷ್ಟು ಅವಸರದ ಕೆಲಸ ಯಾರಿಗೂ ಇರಲಾರದು. ಬೇಲೂರನ್ನು ನೋಡಿದ ಮೇಲೆ ಅಂಗಡಿಗೆ ಹೋಗುವುದಕ್ಕಿಂತ, ಅಂಗಡಿಯನ್ನು ನೋಡಿಕೊಂಡು ಬೇಲೂರಿಗೆ ಹೋಗುವುದು ಉತ್ತಮ. ಆಗ ಬೇಲೂರೂ ಬೇರೆಯಾಗಿ ಕಾಣುತ್ತದೆ.

ಹೋಗುವವರು ಕಾರ್ತಿಕದಿಂದ ಮಾಘದೊಳಗೆ ಹೋಗಬೇಕು. ಮುಂಗಾರಿನಲ್ಲಿ ಇಂಬಳಗಳ ಕಾಟವೂ ಹೊಳೆಗಳ ಸೆಳವೂ ಹೆಚ್ಚು. ಚೈತ್ರದ ಹೂಮಳೆ ಬಿದ್ದು ಎಂಟು ಹತ್ತು ದಿನಗಳಾದ ಮೇಲೆ ಹೋಗುವ ಸಂಧಿ ಸಿಕ್ಕಿದರೆ, ತೋಟಗಳೆಲ್ಲ ಬೆಳ್ಳಗೆ ಹೂವಾಗಿ ದಾರಿಯುದ್ದಕ್ಕೂ ಮಲ್ಲಿಗೆಯ ಕಂಪನ್ನು ಬೀರುವುದನ್ನೂ ಅನುಭವಿಸಬಹುದು. ಬಸದಿಯ ಕತ್ತಲೆಗೆ ಒಂದು ಕೈದೀಪವನ್ನು ಮರೆಯದೆ ತೆಗೆದುಕೊಳ್ಳಿ. ಶಾಸನ ಓದುವ ಆಸೆಯಿದ್ದರೆ ಬೆಳಗ್ಗೆ ಎಂಟರ ಒಳಗೆ ಕಲ್ಲಿನ ಬಳಿ ಇರಿ.

ಈ ಸೀಮೆಯವರೇ ಆದ ಶ್ರೋತೃಗಳಲ್ಲಿ ಇನ್ನೊಂದು ಪ್ರಾರ್ಥನೆಯಿದೆ. ತಮ್ಮ ಗದ್ದೆಯ ಬದುವಿನಲ್ಲಿ, ತೋಟದ ಬೇಲಿಯಲ್ಲಿ, ಬಾವಿಯ ಕಟ್ಟೆಯಲ್ಲಿ ಅಕ್ಷರವಿರುವ ಕಲ್ಲೇನಾದರೂ ಇದ್ದರೆ, ಅದರ ಮೇಲೆ ಬಟ್ಟೆ ಒಗೆಯಬೇಡಿ. ಭಕ್ತಿಯಿಂದಲೇ ಆದರೂ ಸುಣ್ಣವನ್ನೋ ಬಣ್ಣವನ್ನೋ ಬಳಿಯಬೇಡಿ. ನಿಧಿಯ ಆಸೆಗೆ ಅದರ ಬುಡವನ್ನು ಅಗೆಯಲು ಯಾರಿಗೂ ಅವಕಾಶ ಕೊಡಬೇಡಿ. ಊರಿನ ಹೆಸರನ್ನೂ ಕಲ್ಲಿರುವ ಜಾಗವನ್ನೂ ಸ್ಪಷ್ಟವಾಗಿ ಬರೆದು ಪ್ರಾಚ್ಯವಸ್ತು ಇಲಾಖೆಗೆ ಒಂದು ಕಾರ್ಡು ಹಾಕಿ.